ಸೆಟ್ ನಮ್ಮದು, ಸಿಮ್ ಅವರದು

ಇವತ್ತು ಕರ್ನಾಟಕದ ಯಾವ ಊರಿನಲ್ಲಾದರೂ ಮೊಬೈಲ್ ಕೊಳ್ಳಲು ಹೊರಟವರು ಎರಡು ಬೇರೆ ಬೇರೆ ವ್ಯವಹಾರ ಮಾಡುತ್ತಾರೆ. ಸೆಟ್ಟಿಗೆ ಒಂದು ಬೆಲೆ, ಸಿಮ್ಮಿಗೆ ಇನ್ನೊಂದು. ಸೆಟ್ ಮಾರುವವರಿಗೆ ಯಾವ ಕಂಪನಿಯ ಸಿಮ್ ಹಾಕುತ್ತಾರೆ ಎಂಬುದು ಬೇಕಿಲ್ಲ; ಸಿಮ್ ಕೊಡುವವರಿಗೆ ಯಾವ ಸೆಟ್ ಇದೆ ಎಂಬುದು ಬೇಕಿಲ್ಲ. ಇದು ನಮಗೆ ಎಷ್ಟು ರೂಢಿಯಾಗಿದೆ ಎಂದರೆ, ಬೇರೆ ಬಗೆಯಲ್ಲಿ ಇರಬಹುದಿತ್ತು ಎಂಬ ಯೋಚನೆಯೇ ಬರುವುದಿಲ್ಲ. ಆದರೆ ಅಮೆರಿಕದಲ್ಲಿ ಬಹುಕಾಲ ಫೋನನ್ನು ಮಾರುತ್ತಿದ್ದವರೇ ಸಂಪರ್ಕ ಕೊಡುವ ಕಂಪನಿಯವರು. ಎರಡು ವರ್ಷ ಬಿಟ್ಟುಹೋಗುವುದಿಲ್ಲ ಎಂದು ಸಹಿ ಹಾಕಿಸಿಕೊಂಡು, ಬೇರೆ ಕಂಪನಿಯ ಸಿಮ್ ಹಾಕಿದರೆ ಕೆಲಸ ಮಾಡದಂತೆ ಬೀಗ ಜಡಿದ ಸೆಟ್ಟನ್ನು ಕಡಿಮೆ ಬೆಲೆಗೆ ಕೊಡುತ್ತಿದ್ದರು. ಬ್ರಿಟನ್, ಕೆನಡಾ, ಜಪಾನುಗಳಲ್ಲೂ ಇಂಥದೇ ಪದ್ಧತಿ ಇತ್ತು. ನಮ್ಮಲ್ಲಿ ಅದು ಏಕೆ ಬೇರು ಬಿಡಲಿಲ್ಲ? ಭಾರತೀಯರು ಬಡವರು, ಅವರ ಸಾಲದ ಚರಿತ್ರೆ ಬ್ಯಾಂಕುಗಳಲ್ಲಿ ಇರಲಿಲ್ಲ, ಎರಡು ವರ್ಷ ಬಿಲ್ಲು ಕಟ್ಟುತ್ತಾರೆಂದು ಕಂಪನಿಗಳು ನಂಬುವಂತಿರಲಿಲ್ಲ ಎಂಬುದು ಸಾಮಾನ್ಯವಾಗಿ ಸಿಗುವ ಉತ್ತರ. ಅದು ಸುಳ್ಳಲ್ಲ, ಆದರೆ ಸಾಲದು. ಕಳೆದ ಮೂವತ್ತು ವರ್ಷಗಳ ಚರಿತ್ರೆಯನ್ನು ನೋಡಿದರೆ, ಕಟ್ಟಿಹಾಕುವ ಪ್ರಯತ್ನಗಳು ಇಲ್ಲಿ ನಡೆದವು, ಬಡವರ ನಡುವೆಯೂ ಸೋತವು, ಹಣವಂತರ ನಡುವೆಯೂ ಸೋತವು. ಸೆಟ್ಟಿನ ಪೂರ್ತಿ ಬೆಲೆಯನ್ನು ಕೈಯಿಂದ ಕೊಟ್ಟ ಗ್ರಾಹಕರೇ ಈ ದೇಶದಲ್ಲಿ ಕರೆಯ ದರ ಇಳಿಯುವುದಕ್ಕೆ ಒಂದು ಮುಖ್ಯ ಕಾರಣವಾದರು ಎಂಬುದು ನನ್ನ ವಾದ.

ಫೋನು ಯಾರ ಸ್ವತ್ತು ಎಂಬ ಪ್ರಶ್ನೆ ಮೊಬೈಲಿಗಿಂತ ಹಳೆಯದು. ಅಮೆರಿಕದಲ್ಲಿ ಎಟಿ ಅಂಡ್ ಟಿ ಕಂಪನಿ ತನ್ನದೇ ವೆಸ್ಟರ್ನ್ ಎಲೆಕ್ಟ್ರಿಕ್ ಕಾರ್ಖಾನೆಯ ಫೋನುಗಳನ್ನು ಮನೆಮನೆಗೆ ಬಾಡಿಗೆಗೆ ಕೊಡುತ್ತಿತ್ತು. ಹೊರಗಿನವರ ಉಪಕರಣವನ್ನು ತನ್ನ ತಂತಿಗೆ ಜೋಡಿಸಲು ಬಿಡುತ್ತಿರಲಿಲ್ಲ. ಟೆಕ್ಸಾಸಿನ ಥಾಮಸ್ ಕಾರ್ಟರ್ ಎಂಬ ಉದ್ಯಮಿ ರೇಡಿಯೋ ಸಂಪರ್ಕವನ್ನು ಫೋನಿಗೆ ಕೂಡಿಸುವ ಕಾರ್ಟರ್‌ಫೋನ್ ಎಂಬ ಸಾಧನಕ್ಕಾಗಿ ಹೋರಾಡಿ, 1968ರಲ್ಲಿ ಅಲ್ಲಿನ ಸಂಪರ್ಕ ಆಯೋಗದಿಂದ ಆ ನಿಷೇಧವನ್ನು ಮುರಿಸಿದರು. ಜಾಲಕ್ಕೆ ಹಾನಿ ಮಾಡದ ಯಾವ ಉಪಕರಣವನ್ನಾದರೂ ಗ್ರಾಹಕ ಜೋಡಿಸಿಕೊಳ್ಳಬಹುದು ಎಂಬ ತತ್ವ ಅಲ್ಲಿಂದ ಬೆಳೆಯಿತು. ಭಾರತದಲ್ಲಿ ಎಟಿ ಅಂಡ್ ಟಿಯ ಸ್ಥಾನದಲ್ಲಿದ್ದುದು ಸರ್ಕಾರ. 1948ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, ಅಂದರೆ ಐಟಿಐ, ದೇಶದ ಬಹುತೇಕ ಫೋನುಗಳನ್ನು ತಯಾರಿಸುತ್ತಿತ್ತು. ಅದರ ಸುತ್ತ ಬೆಳೆದ ಬಡಾವಣೆಗೆ ದೂರವಾಣಿನಗರ ಎಂದೇ ಹೆಸರು. ಅಲ್ಲಿ ತಯಾರಾದ, ಬೆರಳು ಹಾಕಿ ತಿರುಗಿಸುವ ಡಯಲಿನ ಭಾರವಾದ ಕಪ್ಪು ಫೋನು ನಮ್ಮ ಮನೆಗಳಲ್ಲಿ ಮೇಜಿನ ಮೇಲೆ ಕೂರುತ್ತಿತ್ತು, ಆದರೆ ಮನೆಯವರದಾಗಿರಲಿಲ್ಲ. ನಿಯಮದ ಪ್ರಕಾರ ಅದು ದೂರವಾಣಿ ಇಲಾಖೆಯ ಸ್ವತ್ತು. ಓನ್ ಯುವರ್ ಟೆಲಿಫೋನ್ ಎಂಬ ಯೋಜನೆಯಲ್ಲಿ ದೊಡ್ಡ ಠೇವಣಿ ಕಟ್ಟಿದವರಿಗೂ ಸಿಗುತ್ತಿದ್ದುದು ಸರದಿಯಲ್ಲಿ ಮುಂದಿನ ಜಾಗ, ಫೋನಿನ ಒಡೆತನವಲ್ಲ. 1991ರ ಹೊತ್ತಿಗೆ ಇಡೀ ದೇಶದಲ್ಲಿ ಇದ್ದದ್ದು ಸುಮಾರು 50 ಲಕ್ಷ ಫೋನುಗಳು, ಅದಕ್ಕಾಗಿ ಕಾಯುತ್ತಿದ್ದವರು ಸುಮಾರು 20 ಲಕ್ಷ ಮಂದಿ. 1984ರಲ್ಲಿ ಫೋನು ಉಪಕರಣಗಳ ತಯಾರಿಕೆಯನ್ನು ಖಾಸಗಿಯವರಿಗೆ ತೆರೆದದ್ದೇ ಈ ಕಟ್ಟಿನಲ್ಲಿ ಬಿದ್ದ ಮೊದಲ ಬಿರುಕು. ಆಗ ಬೀಟೆಲ್ ಹೆಸರಿನ ಗುಂಡಿ ಒತ್ತುವ ಫೋನುಗಳನ್ನು ಮಾರುಕಟ್ಟೆಗೆ ತಂದ ಸುನಿಲ್ ಮಿತ್ತಲ್ ಅವರ ಸಂಸ್ಥೆಯೇ ಮುಂದೆ ಏರ್‌ಟೆಲ್ ಜಾಲವನ್ನು ಕಟ್ಟಿತು. ನಮ್ಮ ಅತಿದೊಡ್ಡ ಸಂಪರ್ಕ ಕಂಪನಿಗಳಲ್ಲಿ ಒಂದು ಹುಟ್ಟಿದ್ದು, ಇಲಾಖೆಯ ಹಂಗಿಲ್ಲದೆ ಫೋನನ್ನು ಅಂಗಡಿಯಲ್ಲಿ ಮಾರಬಹುದು ಎಂಬ ಅವಕಾಶದಿಂದ.

ಮೊಬೈಲ್ ಬಂದದ್ದು ಇದಾದ ಹನ್ನೊಂದು ವರ್ಷಕ್ಕೆ. 1995ರ ಜುಲೈ 31ರಂದು ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಕೋಲ್ಕತ್ತದಿಂದ ದೆಹಲಿಯಲ್ಲಿದ್ದ ಕೇಂದ್ರ ಸಚಿವ ಸುಖರಾಮ್ ಅವರಿಗೆ ದೇಶದ ಮೊದಲ ಮೊಬೈಲ್ ಕರೆ ಮಾಡಿದರು. ಸರ್ಕಾರ ಲೈಸೆನ್ಸ್ ಕೊಡುವಾಗ ಯುರೋಪಿನ ಜಿಎಸ್ಎಂ ತಂತ್ರಜ್ಞಾನವನ್ನೇ ಬಳಸಬೇಕೆಂದು ಹೇಳಿತ್ತು. ಜಿಎಸ್ಎಂನಲ್ಲಿ ಗ್ರಾಹಕನ ಗುರುತು ಸಿಮ್ ಎಂಬ ಚಿಪ್ಪಿನಲ್ಲಿ ಇರುತ್ತದೆ; ನಂಬರು, ಲೆಕ್ಕ ಎಲ್ಲವೂ ಆ ಗುರುತಿಗೆ ಅಂಟಿಕೊಂಡಿರುತ್ತವೆ. ಸೆಟ್ ಬರೀ ಸೆಟ್. ಹಿಂದಿನ ಮುಚ್ಚಳ ತೆಗೆದು, ಬ್ಯಾಟರಿ ಎತ್ತಿ, ಲೋಹದ ಪುಟ್ಟ ಕೊಂಡಿಯ ಕೆಳಗೆ ಸಿಮ್ ತೂರಿಸಿದರೆ ಯಾರ ಸೆಟ್ಟಾದರೂ ನಮ್ಮ ನಂಬರಿನ ಫೋನಾಗುತ್ತಿತ್ತು. ಆದರೆ ಸಿಮ್ ಇದ್ದುದರಿಂದಲೇ ನಾವು ಬಚಾವಾದೆವು ಎನ್ನಲಾಗದು. ಬ್ರಿಟನ್ನಿನಲ್ಲೂ ಇದೇ ಸಿಮ್ ಇತ್ತು, ಅಲ್ಲಿ ಸೆಟ್ಟಿಗೆ ಬೀಗವೂ ಇತ್ತು. ವ್ಯತ್ಯಾಸ ಬಂದದ್ದು ಕಂಪನಿಗಳ ಕೈಯಲ್ಲಿದ್ದ ಹಣದಿಂದ. ಸೆಟ್ಟನ್ನು ಕಡಿಮೆ ಬೆಲೆಗೆ ಕೊಡಬೇಕಾದರೆ ಮೊದಲು ಕಂಪನಿಯೇ ಆ ಹಣ ಹಾಕಬೇಕು. ಇಲ್ಲಿನ ಕಂಪನಿಗಳು ಪೈಪೋಟಿಯಲ್ಲಿ ವಿಪರೀತ ಲೈಸೆನ್ಸ್ ಶುಲ್ಕ ಕೂಗಿ, ಕಟ್ಟಲಾಗದೆ ಬಸವಳಿದಿದ್ದವು. 1999ರ ಹೊಸ ದೂರಸಂಪರ್ಕ ನೀತಿ ಬಂದು, ಶುಲ್ಕದ ಬದಲು ಆದಾಯದಲ್ಲಿ ಪಾಲು ಕೊಡಿ ಎಂದ ಮೇಲೆಯೇ ಅವು ಉಸಿರಾಡಿದ್ದು. ಮೊದಲ ವರ್ಷಗಳಲ್ಲಿ ನಿಮಿಷಕ್ಕೆ 16 ರೂಪಾಯಿಯ ಆಸುಪಾಸಿನಲ್ಲಿ ದರವಿತ್ತು, ಬಂದ ಕರೆಗೂ ದುಡ್ಡು ಕೊಡಬೇಕಿತ್ತು. ಇಷ್ಟು ಕಷ್ಟದಲ್ಲಿದ್ದವರು ಗ್ರಾಹಕನ ಸೆಟ್ಟಿಗೆ ತಮ್ಮ ಗಂಟಿನಿಂದ ಹಣ ಸುರಿಯುವ ಸ್ಥಿತಿಯಲ್ಲಿ ಇರಲಿಲ್ಲ.

ಕಂಪನಿಗಳು ಸೆಟ್ಟಿನ ವ್ಯಾಪಾರದಿಂದ ದೂರ ಉಳಿದಾಗ ಆ ಜಾಗವನ್ನು ಬೇರೊಂದು ಬಜಾರು ತುಂಬಿತು. ಆಮದು ಸುಂಕ ಮತ್ತು ತೆರಿಗೆ ಸೇರಿ ಬಿಲ್ಲಿನ ಫೋನು ದುಬಾರಿಯಾಗಿದ್ದಾಗ, ಬಿಲ್ಲಿಲ್ಲದ ಫೋನು ಸಮುದ್ರ ದಾಟಿ ಬರುತ್ತಿತ್ತು. ದೆಹಲಿಯ ಗಫಾರ್ ಮಾರ್ಕೆಟ್, ಚೆನ್ನೈನ ಬರ್ಮಾ ಬಜಾರ್, ಬೆಂಗಳೂರಿನ ನ್ಯಾಷನಲ್ ಮಾರ್ಕೆಟ್ ಇದಕ್ಕೆ ಹೆಸರಾದವು. ಕರಾವಳಿಯಲ್ಲಿ ಇದಕ್ಕೆ ಇನ್ನೂ ಗಟ್ಟಿಯಾದ ತಳಹದಿ ಇತ್ತು. ಮಂಗಳೂರು, ಉಡುಪಿ, ಭಟ್ಕಳಗಳಿಂದ ಕೊಲ್ಲಿ ದೇಶಗಳಿಗೆ ದುಡಿಯಲು ಹೋದವರು ರಜೆಗೆ ಬರುವಾಗ ತರುತ್ತಿದ್ದ ಸಾಮಾನುಗಳಲ್ಲಿ ಮೊಬೈಲ್ ಸೆಟ್ಟೂ ಸೇರಿಕೊಂಡಿತು. ದುಬೈಯಲ್ಲಿ ಕೊಂಡ ಸೆಟ್ಟಿಗೆ ಇಲ್ಲಿನ ಸಿಮ್ ಹಾಕಿದರೆ ಸಾಕಿತ್ತು. ಅಮೆರಿಕ, ಬ್ರಿಟನ್ನಿನಿಂದ ಬಂದ ಸೆಟ್ಟುಗಳ ಕಥೆ ಬೇರೆ: ಅವುಗಳಿಗೆ ಅಲ್ಲಿನ ಕಂಪನಿಯ ಬೀಗ ಇರುತ್ತಿತ್ತು. ಆ ಬೀಗ ತೆಗೆಯುವುದೇ ಒಂದು ಕಸುಬಾಯಿತು. ಸೆಟ್ಟಿಗೆ ಕೇಬಲ್ ಜೋಡಿಸಿ, ಕಂಪ್ಯೂಟರಿನಲ್ಲಿ ಕೋಡ್ ಹುಡುಕಿ, ಸಾಫ್ಟ್‌ವೇರ್ ಬದಲಿಸಿ ಕೊಡುವ ರಿಪೇರಿ ಹುಡುಗರು ಊರೂರಲ್ಲಿ ಹುಟ್ಟಿಕೊಂಡರು. ಸುಂಕ ತಪ್ಪಿಸಿದ ಆ ವ್ಯಾಪಾರ ಕಾನೂನಿಗೆ ಹೊರಗಿತ್ತು ಎಂಬುದನ್ನು ಮುಚ್ಚಿಡಬೇಕಿಲ್ಲ. ಆದರೆ ಸೆಟ್ ಎಂದರೆ ರೇಡಿಯೋ, ಕೈಗಡಿಯಾರಗಳ ಹಾಗೆ ಕೊಳ್ಳುವ, ಮಾರುವ, ರಿಪೇರಿ ಮಾಡಿಸುವ, ಮನೆಯಲ್ಲಿ ಒಬ್ಬರಿಂದ ಒಬ್ಬರಿಗೆ ದಾಟಿಸುವ ವಸ್ತು ಎಂಬ ತಿಳಿವಳಿಕೆಯನ್ನು ಜನರಲ್ಲಿ ನೆಲೆಗೊಳಿಸಿದ್ದು ಆ ಬಜಾರೇ.

ಈ ತಿಳಿವಳಿಕೆಗೆ ಬಲ ಕೊಟ್ಟದ್ದು ಪ್ರಿಪೇಯ್ಡ್. ಮೊದಲೇ ಹಣ ಕಟ್ಟಿ ಮಾತಾಡುವ ಈ ಪದ್ಧತಿಯಲ್ಲಿ ವಿಳಾಸ ಹುಡುಕಿಕೊಂಡು ಬಿಲ್ಲು ಬರುವುದಿಲ್ಲ, ಬಾಕಿ ಉಳಿಯುವುದಿಲ್ಲ. 2003ರ ಮೇ ತಿಂಗಳಿಂದ ಒಳಬರುವ ಕರೆ ಪುಕ್ಕಟೆಯಾಯಿತು. ಅದೇ ವರ್ಷ ನೋಕಿಯಾ 1100 ಬಂತು: ತುದಿಯಲ್ಲಿ ಟಾರ್ಚು, ದೂಳು ಹೋಗದ ಕೀಪ್ಯಾಡ್, ದಿನಗಟ್ಟಲೆ ನಿಲ್ಲುವ ಬ್ಯಾಟರಿ. ಕೂಲಿ ಮಾಡುವವರು, ಆಟೋ ಓಡಿಸುವವರು, ಹೂ ಮಾರುವವರು ಒಮ್ಮೆ ಕಷ್ಟಪಟ್ಟು ಸೆಟ್ ಕೊಂಡರೆ ಆಮೇಲೆ ಹತ್ತು ರೂಪಾಯಿ ಕರೆನ್ಸಿ ಹಾಕಿಸಿಕೊಂಡು, ಇಲ್ಲದ ದಿನ ಮಿಸ್ಡ್ ಕಾಲ್ ಕೊಟ್ಟು ನಡೆಸಬಹುದಿತ್ತು. ತಿಂಗಳ ಕರಾರು ಇವರ ಆದಾಯದ ಲಯಕ್ಕೆ ಹೊಂದುವಂಥದಲ್ಲ. ಕೈಯಲ್ಲಿ ಹಣ ಬಂದ ದಿನ ಖರ್ಚು ಮಾಡಿ, ಇಲ್ಲದ ದಿನ ಸುಮ್ಮನಿರುವ ಸ್ವಾತಂತ್ರ್ಯ ಅವರಿಗೆ ಬೇಕಿತ್ತು. ದೇಶದ ಮೊಬೈಲ್ ಸಂಪರ್ಕಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಪ್ರಿಪೇಯ್ಡ್ ಆಗಿಯೇ ಬೆಳೆದವು. 2003ರ ಮಾರ್ಚಿನಲ್ಲಿ ಸುಮಾರು 1.3 ಕೋಟಿ ಇದ್ದ ಸಂಪರ್ಕಗಳು 2011ರ ಮಾರ್ಚಿಗೆ 80 ಕೋಟಿ ದಾಟಿದವು. ಈ ಬೆಳವಣಿಗೆಯ ಬಹುಪಾಲು ನಡೆದದ್ದು ಯಾವ ಕಂಪನಿಯೂ ಸೆಟ್ಟಿಗೆ ಸಬ್ಸಿಡಿ ಕೊಡದೆ.

ಕಟ್ಟಿಹಾಕುವ ಮೊದಲ ದೊಡ್ಡ ಪ್ರಯತ್ನ ಈ ಬೆಳವಣಿಗೆಯ ಆರಂಭದಲ್ಲೇ ನಡೆಯಿತು. 2002ರ ಡಿಸೆಂಬರ್ 28ರಂದು ಶುರುವಾದ ರಿಲಯನ್ಸ್ ಇನ್ಫೋಕಾಮ್, ಜಿಎಸ್ಎಂ ಬಿಟ್ಟು ಸಿಡಿಎಂಎ ತಂತ್ರಜ್ಞಾನ ಹಿಡಿಯಿತು. 2003ರ ಮಳೆಗಾಲದಲ್ಲಿ ಮಾನ್ಸೂನ್ ಹಂಗಾಮ ಎಂಬ ಯೋಜನೆ ತಂದು, 501 ರೂಪಾಯಿ ಕೊಟ್ಟರೆ ಸೆಟ್ ಮತ್ತು ಸಂಪರ್ಕ ಎರಡೂ ಕೈಗೆ, ಉಳಿದದ್ದು ತಿಂಗಳ ಬಿಲ್ಲಿನಲ್ಲಿ ಎಂದಿತು. ಜನ ಸಾಲುಗಟ್ಟಿದರು. ಆ ಸೆಟ್ಟಿನ ಬ್ಯಾಟರಿ ಎತ್ತಿ ನೋಡಿದರೆ ಸಿಮ್ಮಿನ ಜಾಗವೇ ಇರಲಿಲ್ಲ. ನಂಬರನ್ನು ಸೆಟ್ಟಿನ ಒಳಗೇ ಬರೆದಿರುತ್ತಿದ್ದರು. ಕಂಪನಿ ಬಿಟ್ಟರೆ ನಂಬರೂ ಹೋಯಿತು, ಸೆಟ್ಟೂ ಹೋಯಿತು. ಈ ಯೋಜನೆ ಎರಡು ಕೆಲಸ ಮಾಡಿತು. ಮೊಬೈಲ್ ಎಂದರೆ ಸಿರಿವಂತರ ಸೊತ್ತು ಎಂಬ ಭಾವನೆಯನ್ನು ಒಡೆದು, ಉಳಿದ ಕಂಪನಿಗಳೂ ದರ ಇಳಿಸುವಂತೆ ಮಾಡಿತು. ಅದರ ಶ್ರೇಯಸ್ಸನ್ನು ಕೊಡಲೇಬೇಕು. ಆದರೆ ಕರಾರಿನ ಭಾಗ ಕುಸಿದುಬಿತ್ತು. ಸೆಟ್ ಕೊಂಡ ಎಷ್ಟೋ ಮಂದಿ ಬಿಲ್ಲು ಕಟ್ಟುವುದನ್ನು ನಿಲ್ಲಿಸಿದರು, ವಸೂಲಾಗದ ಬಾಕಿ ಬೆಳೆಯಿತು, ಕಂಪನಿ ಕೊನೆಗೆ ಪ್ರಿಪೇಯ್ಡ್ ಹಾದಿಗೇ ಬಂತು. 2008ರ ಹೊತ್ತಿಗೆ ಜಿಎಸ್ಎಂಗೂ ಕಾಲಿಟ್ಟಿತು. ಬಾಕಿ ಉಳಿಸಿಕೊಂಡವರನ್ನು ಸಮರ್ಥಿಸಬೇಕಾಗಿಲ್ಲ. ಆದರೆ ಬಿಲ್ಲು ಎಷ್ಟು ಬರುತ್ತದೆಂದು ಮೊದಲೇ ಹೇಳಲಾಗದ ವ್ಯವಹಾರಕ್ಕೆ ವರ್ಷಗಟ್ಟಲೆ ಕಟ್ಟುಬೀಳುವುದು ಸಣ್ಣ ಆದಾಯದವರಿಗೆ ಆಗದ ಮಾತು ಎಂಬುದು ಆಗಲೇ ಸ್ಪಷ್ಟವಾಯಿತು.

ಇಲ್ಲಿಗೆ ನಿಲ್ಲಿಸಿದರೆ ಬಡತನವೇ ಕಾರಣ ಎಂಬ ಉತ್ತರ ಗೆದ್ದಂತೆ ಕಾಣುತ್ತದೆ. ಎರಡನೆಯ ಪ್ರಯತ್ನ ಅದನ್ನು ಅಲ್ಲಗಳೆಯುತ್ತದೆ. 2008ರ ಆಗಸ್ಟ್ 22ರಂದು ಏರ್‌ಟೆಲ್ ಮತ್ತು ವೊಡಾಫೋನ್ ಭಾರತದಲ್ಲಿ ಐಫೋನ್ 3ಜಿ ಮಾರಾಟ ಆರಂಭಿಸಿದವು. ಅಮೆರಿಕದಲ್ಲಿ ಎಟಿ ಅಂಡ್ ಟಿ ಅದನ್ನು ಎರಡು ವರ್ಷದ ಕರಾರಿನೊಂದಿಗೆ 199 ಡಾಲರಿಗೆ, ಆಗಿನ ಲೆಕ್ಕದಲ್ಲಿ ಸುಮಾರು ಎಂಟೂವರೆ ಸಾವಿರ ರೂಪಾಯಿಗೆ ಕೊಡುತ್ತಿತ್ತು. ಇಲ್ಲಿ 8 ಜಿಬಿ ಸೆಟ್ಟಿನ ಬೆಲೆ 31,000 ರೂಪಾಯಿ. ಪೂರ್ತಿ ಹಣ ಕೊಟ್ಟ ಮೇಲೂ ಅದು ಮಾರಿದ ಕಂಪನಿಯ ಸಿಮ್ಮಿಗೆ ಮಾತ್ರ ಒಲಿಯುತ್ತಿತ್ತು. ಕೊಳ್ಳುವ ಶಕ್ತಿ ಇದ್ದವರು ಬೆಂಗಳೂರಿನಲ್ಲಿ, ಮುಂಬೈಯಲ್ಲಿ ಸಾಕಷ್ಟು ಇದ್ದರು. ಅವರಿಗೆ ಕ್ರೆಡಿಟ್ ಕಾರ್ಡೂ ಇತ್ತು, ಬ್ಯಾಂಕಿನಲ್ಲಿ ಹೆಸರೂ ಇತ್ತು. ಆದರೂ ಅವರು ಮುಗಿಬೀಳಲಿಲ್ಲ. ಹೊರದೇಶದ ಬಂಧುಗಳಿಂದ ತರಿಸಿ ಬೀಗ ತೆಗೆಸಿಕೊಂಡವರು ಎಷ್ಟೋ ಮಂದಿ. ಮುಂದೆ 2013ರಲ್ಲಿ ಹೊಸ ಐಫೋನುಗಳನ್ನು 24 ತಿಂಗಳ ಕರಾರಿಗೆ ಕೊಡುವ ಪ್ರಯತ್ನವನ್ನೂ ರಿಲಯನ್ಸ್ ಮಾಡಿತು, ಅದೂ ರೂಢಿಯಾಗಲಿಲ್ಲ. ಆ ಹೊತ್ತಿಗೆ ಬ್ಯಾಂಕುಗಳು ಮತ್ತು ಹಣಕಾಸು ಸಂಸ್ಥೆಗಳು ಕಂತಿನ ಸಾಲವನ್ನು ಬೇರೆಯಾಗಿಯೇ ಕೊಡತೊಡಗಿದ್ದವು. ಕಂತು ಬೇಕಾದವರಿಗೆ ಕಂತು ಸಿಗುತ್ತಿತ್ತು, ಸಿಮ್ಮಿನ ಬೀಗವನ್ನು ಒಪ್ಪಿಕೊಳ್ಳುವ ಅಗತ್ಯ ಇರಲಿಲ್ಲ. ಹಣವಿದ್ದವರೂ ಬೇಡವೆಂದದ್ದು ಬೀಗವನ್ನು. ಹತ್ತು ವರ್ಷದ ಬಳಕೆಯಲ್ಲಿ ಸೆಟ್ ತಮ್ಮದೆಂಬ ಭಾವನೆ ಅಷ್ಟು ಗಟ್ಟಿಯಾಗಿತ್ತು.

ಬೀಗವಿಲ್ಲದ ಸೆಟ್ ಏನು ಕೊಟ್ಟಿತು ಎಂಬುದಕ್ಕೆ ಮಲೆನಾಡನ್ನು ನೋಡಬಹುದು. ಕಣಿವೆಯ ಹಳ್ಳಿಯಲ್ಲಿ ಬಿಎಸ್ಎನ್ಎಲ್ ಒಂದಕ್ಕೇ ಟವರ್ ಸಿಗುತ್ತದೆ, ಹೆದ್ದಾರಿ ಸೇರಿದ ಮೇಲೆ ಖಾಸಗಿಯವರದು ಚೆನ್ನಾಗಿ ಬರುತ್ತದೆ. ಒಂದೇ ಕಂಪನಿಗೆ ಕಟ್ಟಿದ ಫೋನು ಅಲ್ಲಿ ಅರ್ಧ ದಿನ ನಿರುಪಯೋಗಿ. ಎರಡು ಸಿಮ್ಮಿನ ಸೆಟ್ಟುಗಳು ಭಾರತದಲ್ಲಿ ಗೆದ್ದದ್ದು ಇಂಥ ಅಗತ್ಯದಿಂದ, ಜೊತೆಗೆ ಒಂದರಲ್ಲಿ ಕರೆ ಅಗ್ಗ, ಇನ್ನೊಂದರಲ್ಲಿ ಮೆಸೇಜು ಅಗ್ಗ ಎಂಬ ಲೆಕ್ಕದಿಂದ. ಮೈಕ್ರೋಮ್ಯಾಕ್ಸಿನಂಥ ಹೊಸಬರು ಇದನ್ನು ಬೇಗ ಹಿಡಿದರು, ನೋಕಿಯಾ ತಡಮಾಡಿ ನಷ್ಟ ಅನುಭವಿಸಿತು. 2011ರ ಜನವರಿ 20ರಿಂದ ದೇಶದಾದ್ಯಂತ ನಂಬರ್ ಬದಲಿಸದೆ ಕಂಪನಿ ಬದಲಿಸುವ ಪೋರ್ಟಿಂಗ್ ಬಂದಾಗ, ಅದಕ್ಕೆ ತಗಲುತ್ತಿದ್ದ ಖರ್ಚು 19 ರೂಪಾಯಿಯ ಒಳಗೇ ಇತ್ತು. ಸೆಟ್ಟಿಗೆ ಬೀಗವಿದ್ದ ದೇಶದಲ್ಲಿ ಪೋರ್ಟಿಂಗಿನ ಹಕ್ಕು ಕಾಗದದ ಮೇಲೆ ಇರುತ್ತದೆ, ಬಳಸಲು ಹೊಸ ಫೋನು ಬೇಕಾಗುತ್ತದೆ. ಇಲ್ಲಿ ಸಿಮ್ ತೆಗೆದು ಸಿಮ್ ಹಾಕಿದರೆ ಮುಗಿಯಿತು. ಗ್ರಾಹಕ ನಾಳೆಯೇ ಹೊರಟುಹೋಗಬಹುದು ಎಂಬ ಭಯವೇ ದರವನ್ನು ಕೆಳಗೆ ಹಿಡಿದಿಟ್ಟಿತು. 2009ರಲ್ಲಿ ಟಾಟಾ ಡೊಕೊಮೊ ಸೆಕೆಂಡಿನ ಲೆಕ್ಕದಲ್ಲಿ ದರ ತಂದಾಗ ಉಳಿದ ಕಂಪನಿಗಳೂ ಬೆನ್ನಿಗೇ ಅದನ್ನು ಅನುಸರಿಸಬೇಕಾಯಿತು. ಕಂಪನಿಗಳೇ ಮುಳುಗಿದ ಕಾಲದಲ್ಲಿ ಬೀಗವಿಲ್ಲದ ಸೆಟ್ಟಿನ ಮಹತ್ವ ಇನ್ನಷ್ಟು ಕಂಡಿತು. 2012ರ ಫೆಬ್ರವರಿ 2ರಂದು ಸುಪ್ರೀಂ ಕೋರ್ಟ್ ದೂರಸಂಪರ್ಕದ 122 ಲೈಸೆನ್ಸುಗಳನ್ನು ರದ್ದು ಮಾಡಿತು. 2017ರ ಕೊನೆಗೆ, ಹಿಂದಿನ ಇನ್ಫೋಕಾಮ್ ಆದ ರಿಲಯನ್ಸ್ ಕಮ್ಯುನಿಕೇಷನ್ಸ್ ಕರೆ ಸೇವೆ ನಿಲ್ಲಿಸಿತು. 2018ರ ಆರಂಭದಲ್ಲಿ ಏರ್‌ಸೆಲ್ ದಿವಾಳಿಯಾಯಿತು. ಕೋಟ್ಯಂತರ ಜನ ಕಂಪನಿ ಬದಲಿಸಿದರು, ಸೆಟ್ ಅದೇ ಉಳಿಯಿತು. ಸಿಡಿಎಂಎ ಜಾಲಗಳು ಮುಚ್ಚಿದಾಗ ಅವಕ್ಕೆ ಕಟ್ಟಿದ್ದ ಸೆಟ್ಟುಗಳು ಮಾತ್ರ ಗುಜರಿ ಸೇರಿದವು.

ಈ ವಾದಕ್ಕೆ ಮೊದಲ ಆಕ್ಷೇಪ: ಕರಾರಿನ ಪದ್ಧತಿಯಿಂದ ಸಾಮಾನ್ಯರಿಗೂ ಒಳ್ಳೆಯ ಫೋನು ಬೇಗ ಸಿಗುತ್ತದೆ, ಭಾರತೀಯರು ಕೀಪ್ಯಾಡ್ ಸೆಟ್ಟಿನಲ್ಲಿ ಉಳಿದಿದ್ದಾಗ ಅಮೆರಿಕದ ಮಧ್ಯಮ ವರ್ಗದ ಕೈಯಲ್ಲಿ ಐಫೋನ್ ಇತ್ತು. ನಿಜ. ಆದರೆ ಆ 199 ಡಾಲರಿನ ಹಿಂದಿನ ಲೆಕ್ಕ ಮಾಡಬೇಕು. ಕರೆಗೆ 40, ಡೇಟಾಗೆ 30 ಎಂದು ತಿಂಗಳಿಗೆ ಕನಿಷ್ಠ 70 ಡಾಲರ್ ಕಟ್ಟಬೇಕಿತ್ತು. 24 ತಿಂಗಳಿಗೆ 1,680 ಡಾಲರ್. ಇದರಲ್ಲಿ ಸೆಟ್ಟಿನ ಕಂತು ಎಷ್ಟು, ಸೇವೆಯ ಬೆಲೆ ಎಷ್ಟು ಎಂದು ಬಿಲ್ಲಿನಲ್ಲಿ ಎಲ್ಲೂ ಇರಲಿಲ್ಲ. ಎರಡು ವರ್ಷ ಮುಗಿದು ಸೆಟ್ಟಿನ ಬೆಲೆ ತೀರಿದ ಮೇಲೂ ತಿಂಗಳ ಬಿಲ್ಲು ಇಳಿಯುತ್ತಿರಲಿಲ್ಲ. 2013ರಲ್ಲಿ ಅಲ್ಲಿನ ಟಿ-ಮೊಬೈಲ್ ಕಂಪನಿ ಈ ಎರಡನ್ನು ಬೇರೆ ಮಾಡಿ, ಸೆಟ್ಟಿನ ಕಂತು ಪ್ರತ್ಯೇಕವಾಗಿ ಕಾಣುವಂತೆ ಮಾಡಿದಾಗ ಉಳಿದ ಕಂಪನಿಗಳೂ ಒಂದೊಂದಾಗಿ ಹಳೆಯ ಕರಾರನ್ನು ಬಿಟ್ಟವು. ಕಡಿಮೆ ಬೆಲೆ ಎಂದು ಕಂಡದ್ದು ಬಡ್ಡಿ ಹೇಳದ ಸಾಲವಾಗಿತ್ತು. ನಮ್ಮಲ್ಲಿ ಸೆಟ್ಟಿನ ಬೆಲೆ ಕಣ್ಣ ಮುಂದೆ ಇತ್ತು. ಆದ್ದರಿಂದ ಸೆಟ್ ತಯಾರಕರು ಬೆಲೆ ಇಳಿಸಲು ಪೈಪೋಟಿ ಮಾಡಿದರು, ಸಂಪರ್ಕ ಕಂಪನಿಗಳು ದರ ಇಳಿಸಲು ಪೈಪೋಟಿ ಮಾಡಿದವು. ಹೊಸದು ಕೊಳ್ಳಲಾಗದವರಿಗೆ ಸೆಕೆಂಡ್ ಹ್ಯಾಂಡ್ ಸೆಟ್ಟುಗಳ ದೊಡ್ಡ ಮಾರುಕಟ್ಟೆ ಇತ್ತು, ಅದೂ ಬೀಗವಿಲ್ಲದ ಕಾರಣದಿಂದಲೇ ಬದುಕಿತು.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು, ಅದರ ಹೆಸರು ಜಿಯೋಫೋನ್. 2017ರ ಜುಲೈನಲ್ಲಿ ಘೋಷಣೆಯಾದ ಈ 4ಜಿ ಕೀಪ್ಯಾಡ್ ಸೆಟ್ ಜಿಯೋ ಕಂಪನಿಯ ಸಿಮ್ಮಿಗೆ ಮಾತ್ರ ಕೆಲಸ ಮಾಡುತ್ತಿತ್ತು. ಮೂರು ವರ್ಷದ ನಂತರ ಹಿಂದಿರುಗಿಸುವ 1,500 ರೂಪಾಯಿ ಠೇವಣಿ ಇಟ್ಟರೆ ಸೆಟ್ ಕೈಗೆ ಬರುತ್ತಿತ್ತು. ಬಳಕೆದಾರರು ಹತ್ತು ಕೋಟಿ ದಾಟಿದರೆಂದು ಕಂಪನಿ ಹೇಳಿತು. ಸ್ಮಾರ್ಟ್‌ಫೋನು ಕೊಳ್ಳಲಾಗದ ಎಷ್ಟೋ ಮನೆಗಳಿಗೆ ಇಂಟರ್‌ನೆಟ್ ಹೋದದ್ದು ಬೀಗ ಹಾಕಿದ ಈ ಸೆಟ್ಟಿನ ಮೂಲಕ. ಹಾಗಾದರೆ ಬೀಗ ಒಳ್ಳೆಯದೇ ಅಲ್ಲವೆ? ಇಲ್ಲಿ ನೋಡಬೇಕಾದದ್ದು, ಬೀಗ ಇದ್ದ ಮಾರುಕಟ್ಟೆ ಎಂಥದು ಎಂಬುದನ್ನು. ಸುತ್ತಲಿನ ಬಹುತೇಕ ಸೆಟ್ಟುಗಳಿಗೆ ಬೀಗವಿರಲಿಲ್ಲ, ಗ್ರಾಹಕರು ಬಿಟ್ಟುಹೋಗಬಲ್ಲವರಾಗಿದ್ದರು, ಆದ್ದರಿಂದ ಜಿಯೋಫೋನಿನ ಷರತ್ತೂ ಹಗುರಾಗಿಯೇ ಇರಬೇಕಾಯಿತು: ತಿಂಗಳ ಬಿಲ್ಲಿನ ಸಾಲವಿಲ್ಲ, ಠೇವಣಿ ಎಷ್ಟು ಎಂಬುದು ಮೊದಲೇ ಗೊತ್ತು, ಬೇಡವಾದರೆ ಆಗುವ ನಷ್ಟಕ್ಕೆ ಮಿತಿ ಇದೆ. ಎಲ್ಲ ಸೆಟ್ಟುಗಳಿಗೂ ಬೀಗವಿರುವ ದೇಶದಲ್ಲಿ ಇಂಥ ಷರತ್ತನ್ನು ಯಾರೂ ಕೊಡಬೇಕಾಗಿರಲಿಲ್ಲ. ಬಡವರಿಗೆ ಅಗ್ಗದ ಫೋನು ಬೇಕೆಂಬುದು ನ್ಯಾಯವಾದ ಬೇಡಿಕೆ. ಅದಕ್ಕೆ ಬೀಗ ಒಂದೇ ದಾರಿ ಎಂಬುದು ನ್ಯಾಯವಲ್ಲ.

ಜಗತ್ತು ಈಗ ನಿಧಾನವಾಗಿ ನಮ್ಮ ರೂಢಿಯ ಕಡೆಗೇ ಬಂದಿದೆ. ತನ್ನ ಫೋನಿನ ಬೀಗವನ್ನು ಗ್ರಾಹಕ ತೆಗೆಸಿಕೊಳ್ಳುವುದು ಅಪರಾಧವಲ್ಲ ಎಂದು ಅಮೆರಿಕ 2014ರಲ್ಲಿ ಕಾನೂನು ಮಾಡಿತು. ಕೆನಡಾ 2017ರ ಡಿಸೆಂಬರಿನಿಂದ ಹೊಸ ಸೆಟ್ಟುಗಳು ಬೀಗವಿಲ್ಲದೆ ಮಾರಾಟವಾಗಬೇಕೆಂದಿತು. ಜಪಾನ್ ಮತ್ತು ಬ್ರಿಟನ್ 2021ರಲ್ಲಿ ಅದೇ ದಾರಿ ಹಿಡಿದವು. ಅವರು ಕಾನೂನಿನಿಂದ ಪಡೆದದ್ದನ್ನು ನಾವು ಬಹುಮಟ್ಟಿಗೆ ಬಳಕೆಯಿಂದ ಪಡೆದಿದ್ದೇವೆ. ಅದೇ ನಮ್ಮ ದೌರ್ಬಲ್ಯ ಕೂಡ, ಏಕೆಂದರೆ ಬಳಕೆ ಬದಲಾಗಬಹುದು. ಹತ್ತಾರು ಕಂಪನಿಗಳಿದ್ದ ದೇಶದಲ್ಲಿ ಈಗ ಉಳಿದಿರುವುದು ನಾಲ್ಕು. ಬಿಟ್ಟುಹೋಗುವ ಸ್ವಾತಂತ್ರ್ಯಕ್ಕೆ ಬೆಲೆ ಬರುವುದು ಹೋಗಲು ಜಾಗವಿದ್ದಾಗ. ಬೀಗವೂ ಹೊಸ ಕೈಗೆ ಹೋಗುತ್ತಿದೆ. ಕಂತಿನ ಸಾಲ ಕೊಡುವವರು ಫೋನಿನಲ್ಲಿ ಒಂದು ಆ್ಯಪ್ ಕೂರಿಸಿ, ಕಂತು ತಪ್ಪಿದರೆ ದೂರದಿಂದಲೇ ಫೋನನ್ನು ನಿಲ್ಲಿಸುವ ಪದ್ಧತಿ ಬಂದಿದೆ. ಸಾಲ ತೀರಿಸಬೇಕಾದದ್ದು ಸಾಲಗಾರನ ಕರ್ತವ್ಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಇಂದು ಫೋನೆಂದರೆ ಕೂಲಿಯ ಕರೆ, ಬ್ಯಾಂಕಿನ ಒಟಿಪಿ, ಪಡಿತರದ ಸಂದೇಶ, ಮಗುವಿನ ಪಾಠ. ಅದನ್ನು ನಿಲ್ಲಿಸಿದರೆ ಕಂತು ಕಟ್ಟಲು ಬೇಕಾದ ದುಡಿಮೆಯೇ ನಿಲ್ಲುತ್ತದೆ. ಆದ್ದರಿಂದ ಕೊಳ್ಳುವವರಿಗೆ ಈ ಚರಿತ್ರೆ ಹೇಳುವುದು ಇಷ್ಟು: ಸಾಧ್ಯವಾದರೆ ಪೂರ್ತಿ ಹಣ ಕೊಟ್ಟು, ಕೈಗೆಟುಕುವ ಸೆಟ್ಟನ್ನೇ ಕೊಳ್ಳಿ, ಸಾಲ ಬೇಕಾದರೆ ಫೋನಿಗೆ ಬೀಗ ಹಾಕದ ಸಾಲ ಹುಡುಕಿ, ಅಗ್ಗವೆಂದು ಯಾರಾದರೂ ಹೇಳಿದರೆ ಕರಾರು ಮುಗಿಯುವ ತನಕದ ಒಟ್ಟು ಮೊತ್ತ ಕೇಳಿ. ಸರ್ಕಾರಕ್ಕೆ ಹೇಳುವುದು, ಜನ ಮೂವತ್ತು ವರ್ಷದಿಂದ ನಡೆಸಿಕೊಂಡು ಬಂದ ಈ ಪದ್ಧತಿಯನ್ನು ಬರಹದ ನಿಯಮವಾಗಿಸಿ ಎಂದು: ಬೆಲೆ ಕೊಟ್ಟು ಕೊಂಡ ಸೆಟ್ಟಿಗೆ ಯಾವ ಕಂಪನಿಯೂ, ಸಾಲ ಕೊಡುವ ಯಾವ ಸಂಸ್ಥೆಯೂ ಬೀಗ ಹಾಕಬಾರದು. ಇಲಾಖೆಯ ಕಪ್ಪು ಫೋನಿನಿಂದ ಹೊರಬರಲು ಈ ದೇಶಕ್ಕೆ ಅರ್ಧ ಶತಮಾನ ಹಿಡಿಯಿತು. ಮತ್ತೆ ಬಾಡಿಗೆದಾರರಾಗಬೇಕಾದ ಕಾರಣ ಯಾವುದೂ ನಮಗಿಲ್ಲ.